ಪಾಲಾಗದ ಸೊತ್ತು

ಹಾಳೂರುಗಳನ್ನು ನೋಡಿಬರುವುದು ವಿದ್ಯಾವಂತರ ಮನೆಗಳಲ್ಲಿ ಈಗ ಒಂದು ಸಂಪ್ರದಾಯವೇ ಆಗಿದೆ. ರಜೆ ಬಂದಿತೆಂದರೆ ಹಂಪೆ, ಬಾದಾಮಿ, ಐಹೊಳೆ, ಅಜಂತೆಗಳ ಹೆಸರು ಊಟದ ಪಂಕ್ತಿಯಲ್ಲಿ ಕೇಳಿಬರುತ್ತದೆ. ಬುತ್ತಿ ಕಟ್ಟುತ್ತಾರೆ, ಮಕ್ಕಳನ್ನು ಹೊರಡಿಸುತ್ತಾರೆ, ಮುರಿದ ಕಂಬಗಳ ನಡುವೆ ನಿಂತು ಭಾವಚಿತ್ರ ತೆಗೆದುಕೊಂಡು ಮರಳುತ್ತಾರೆ. ಇದು ದೂಷಿಸತಕ್ಕ ಮಾತಲ್ಲ. ಹಿಂದಿನವರು ಕಟ್ಟಿದುದನ್ನು ಕಣ್ಣಾರೆ ಕಾಣಬೇಕೆಂಬ ಆಸೆಯು ಯಾವ ಜನರಲ್ಲಿ ಬತ್ತಿಹೋಗುವುದೋ ಆ ಜನರು ಮುಂದೆ ತಾವೂ ಏನನ್ನೂ ಕಟ್ಟಲಾರರು. ಆದರೆ ಬೀದರ ಸೀಮೆಯಲ್ಲಿ ಈ ಯಾತ್ರೆಯು ಒಂದು ವಿಪರೀತವಾದ ರೂಪವನ್ನು ತಾಳಿದೆ. ಅದನ್ನು ಕಂಡೂ ಸುಮ್ಮನಿದ್ದರೆ, ಒಮ್ಮೆ ಹಾಳಾದ ಊರುಗಳು ಎರಡನೆಯ ಸಲವೂ ಹಾಳಾಗುವುದು ನಿಶ್ಚಯ.

ಆ ರೂಪವಾವುದು? ಈ ಸೀಮೆಯ ಜನರು ತಮ್ಮ ನೆಲದ ಪ್ರಾಚೀನ ಸ್ಥಳಗಳನ್ನು, ಜಗಳವಾಡಿದ ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಳ್ಳುವಂತೆ, ಹಂಚಿಕೊಂಡುಬಿಟ್ಟಿದ್ದಾರೆ. ಭಾಲ್ಕಿಯಿಂದಲೋ ಔರಾದಿನಿಂದಲೋ ಹೊರಟ ಒಂದು ಮನೆಯವರು ಬಸವಕಲ್ಯಾಣಕ್ಕೆ ಹೋಗುತ್ತಾರೆ. ಬೀದರಕ್ಕೆ ಬಂದರೆ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನೊಳಗೆ ನಡೆದು ಕೈಮುಗಿಯುತ್ತಾರೆ. ಅಲ್ಲಿಂದ ಅನತಿದೂರದ ಅಷ್ಟೂರಿನ ಗುಮ್ಮಟಗಳ ಮಾತು ಬಂದರೆ ‘ಅದು ಅವರದು’ ಎಂದು ಹಿಂದಿರುಗುತ್ತಾರೆ. ಇನ್ನೊಂದು ಮನೆಯವರು ಮಕ್ಕಳಿಗೆ ಕೋಟೆಯನ್ನೂ ಮಹಮೂದ ಗವಾನನ ಮದರಸೆಯನ್ನೂ ಅಭಿಮಾನದಿಂದ ತೋರಿಸುತ್ತಾರೆ. ಆದರೆ ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಒಂದು ಗುಡಿಯಿರುವುದೆಂಬ ಸಂಗತಿಯೇ ಆ ಮಕ್ಕಳ ಕಿವಿಗೆ ಬಿದ್ದಿರುವುದಿಲ್ಲ. ಇಬ್ಬರೂ ತಮ್ಮ ತಮ್ಮ ಪಾಲನ್ನು ಭಕ್ತಿಯಿಂದ ನೋಡಿದೆವೆಂದು ತೃಪ್ತರಾಗಿದ್ದಾರೆ. ಆ ತೃಪ್ತಿಯು ಸುಳ್ಳು. ಬೀದರ ಸೀಮೆಯ ಹಾಳೂರುಗಳು ಪಾಲಾಗತಕ್ಕ ಸೊತ್ತಲ್ಲ. ಪಾಲು ಮಾಡಿಕೊಂಡು ನೋಡುವವನು ತನ್ನ ಪಾಲಿಗೆ ಬಂದುದನ್ನು ಕೂಡ ನೋಡಿದವನಲ್ಲ.

ಮೊದಲು ಕಲ್ಯಾಣವನ್ನೇ ತೆಗೆದುಕೊಳ್ಳಬಹುದು. ೧೧ನೆಯ ಶತಮಾನದ ಮಧ್ಯಭಾಗದಲ್ಲಿ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಇಲ್ಲಿ ರಾಜಧಾನಿಯನ್ನು ಕಟ್ಟಿದನು. ಅವನ ಮಗನಾದ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ, ಐವತ್ತು ವರ್ಷಗಳ ಕಾಲ, ಇಲ್ಲಿಂದ ಆಳಿದನು. ಮುಂದಿನ ಪೀಳಿಗೆಗಳಲ್ಲಿ ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರ ಸುತ್ತ ಶರಣರು ನೆರೆದುದೂ ಇಲ್ಲಿಯೇ. ಇಷ್ಟು ವೈಭವವಿದ್ದ ಊರಿಗೆ ಹೋದ ಯಾತ್ರಿಕನ ಕಣ್ಣಿಗೆ ಇಂದು ಬೀಳುವುದೇನು? ಚಾಲುಕ್ಯರ ಅರಮನೆಯು ನೆಲದ ಮೇಲೆ ಉಳಿದಿಲ್ಲ. ಅವನ ಮುಂದೆ ನಿಂತಿರುವ ಕೋಟೆಯ ಬಹುಭಾಗವು ಬಹಮನಿ ಸುಲ್ತಾನರ ಕಾಲದ್ದು ಮತ್ತು ಅನಂತರದ್ದು. ಚಾಲುಕ್ಯರ ಕಲ್ಯಾಣವನ್ನು ಅರಸಿ ಹೋದವನು ಸುಲ್ತಾನರ ಬಾಗಿಲಿನಿಂದಲೇ ಒಳಹೊಗಬೇಕಾಗಿದೆ. ಹಳೆಯ ಶಿಲ್ಪಗಳನ್ನು ಅವರ ಗೋಡೆಗಳ ಆಸರೆಯಲ್ಲಿಯೇ ನೋಡಬೇಕಾಗಿದೆ. ‘ನಮ್ಮದು’ ಎಂದು ಹೋದವನು ಅಲ್ಲಿ ‘ಅವರದು’ ಎಂಬುದನ್ನು ಕಳೆದು ನೋಡಲು ಯತ್ನಿಸಿದರೆ, ಅವನ ಕಣ್ಣಮುಂದೆ ಬಯಲೇ ಉಳಿಯುವುದು.

ಮೇಲಾಗಿ, ‘ನಮ್ಮದು’ ಎಂಬ ಮಾತಿಗೆ ಕಲ್ಯಾಣವು ಎಂದಾದರೂ ಅಷ್ಟು ಇಕ್ಕಟ್ಟಾದ ಅರ್ಥವನ್ನು ಕೊಟ್ಟಿತ್ತೇ? ವಿಕ್ರಮಾದಿತ್ಯನ ಚರಿತ್ರೆಯನ್ನು ಸಂಸ್ಕೃತದಲ್ಲಿ ಕಾವ್ಯವಾಗಿ ಹಾಡಿದ ಬಿಲ್ಹಣನು ಕಾಶ್ಮೀರದವನು. ಊರೂರು ಅಲೆದು ಬಂದ ಆ ಪರದೇಶಿಗೆ ಕನ್ನಡದ ದೊರೆಯು ವಿದ್ಯಾಪತಿಯ ಪದವಿಯನ್ನು ಕೊಟ್ಟನು. ಸುಮಾರು ನಾಲ್ಕು ಶತಮಾನಗಳ ತರುವಾಯ ಇರಾನದ ಗಿಲಾನ ಪ್ರಾಂತದಿಂದ ಬಂದ ಮಹಮೂದ ಗವಾನನಿಗೆ ಬೀದರವು ಪ್ರಧಾನಮಂತ್ರಿಯ ಪದವಿಯನ್ನು ಕೊಟ್ಟಿತು. ಅವನು ೧೪೭೨ರಲ್ಲಿ ಮೂರಂತಸ್ತಿನ ವಿದ್ಯಾಶಾಲೆಯನ್ನು ಕಟ್ಟಿಸಿ, ಬಣ್ಣದ ಬಿಲ್ಲೆಗಳನ್ನು ಹೊದಿಸಿ, ಸಾವಿರಾರು ಗ್ರಂಥಗಳನ್ನು ಅದರಲ್ಲಿ ಕೂಡಿಸಿ ಆ ಋಣವನ್ನು ತೀರಿಸಿದನು. ಬಿಲ್ಹಣನ ಆಶ್ರಯವನ್ನು ಕೊಂಡಾಡುವವರಿಗೆ ಗವಾನನ ಶಾಲೆಯು ಪರದೇಶಿಯ ಕಟ್ಟಡವಾಗಿ ತೋರುವುದಾದರೆ, ಅವರು ಕಲ್ಯಾಣದ ಔದಾರ್ಯವನ್ನು ಹೊಗಳುವರೇ ಹೊರತು ಅರಿತವರಲ್ಲ. ಹಾಗೆಯೇ ಗವಾನನನ್ನು ಕೊಂಡಾಡುವವರು ಬಿಲ್ಹಣನ ಹೆಸರನ್ನು ಕೇಳದಿದ್ದರೆ, ದೂರದಿಂದ ಬಂದ ವಿದ್ವಾಂಸನನ್ನು ಮಣೆಹಾಕಿ ಕೂರಿಸುವ ಈ ನೆಲದ ಪದ್ಧತಿಯು ಸುಲ್ತಾನರಿಗಿಂತ ಎಷ್ಟು ಹಳೆಯದೆಂಬುದು ಅವರಿಗೆ ತಿಳಿಯದು.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು ಸಹಜ. ಅದನ್ನು ಮರೆಮಾಚುವುದು ನ್ಯಾಯವಲ್ಲ. ‘ಕಟ್ಟಿದವರು ಮಾತ್ರವೇ ಇದ್ದರೆ ಸರಿ; ಕೆಡವಿದವರ ಮಾತೇನು? ಗುಡಿಗಳನ್ನು ಒಡೆದವರ ಗುಮ್ಮಟಗಳ ಮುಂದೆ ನಿಂತು ಮೆಚ್ಚಬೇಕೆ?’ ಎಂದು ಕೇಳುವವರಿದ್ದಾರೆ. ದಂಡಯಾತ್ರೆಗಳಲ್ಲಿ ಗುಡಿಗಳು ಬಿದ್ದುದು ಸುಳ್ಳಲ್ಲ. ಗುಡಿಯ ಕಲ್ಲು ಬೇರೆಯ ಗೋಡೆಗೆ ಸೇರಿದುದೂ ಸುಳ್ಳಲ್ಲ. ಐಕ್ಯದ ಹೆಸರಿನಲ್ಲಿ ಇದನ್ನು ಮುಚ್ಚಿ ಹೇಳುವವನು ಚರಿತ್ರೆಗೂ ಐಕ್ಯಕ್ಕೂ ಸಮನಾಗಿ ದ್ರೋಹ ಮಾಡುತ್ತಾನೆ. ಆದರೆ ಲೆಕ್ಕವನ್ನು ತೆಗೆಯುವುದಾದರೆ ಪೂರ್ತಿಯಾಗಿ ತೆಗೆಯಬೇಕು. ಕಲ್ಯಾಣವನ್ನು ೧೧ನೆಯ ಶತಮಾನದಲ್ಲಿ ಸುಟ್ಟವನು ಚೋಳರ ರಾಜಾಧಿರಾಜನು. ಸುಟ್ಟ ಊರಿನಿಂದ ಅವನು ಒಂದು ದ್ವಾರಪಾಲಕನ ಕಲ್ಲಿನ ಮೂರ್ತಿಯನ್ನು ಹೊತ್ತುಕೊಂಡು ಹೋಗಿ, ಕಲ್ಯಾಣಪುರವನ್ನು ಸುಟ್ಟು ತಂದುದೆಂದು ಅದರ ಪೀಠದಲ್ಲಿ ತಮಿಳಿನಲ್ಲಿ ಬರೆಯಿಸಿದನು. ಆ ದ್ವಾರಪಾಲಕನು ಇಂದಿಗೂ ತಂಜಾವೂರಿನಲ್ಲಿದ್ದಾನೆ. ಸುಟ್ಟವನೂ ಶೈವ, ಸುಡಿಸಿಕೊಂಡವನೂ ಶೈವ. ೧೪೮೧ರಲ್ಲಿ, ವೈರಿಗಳು ಹುಟ್ಟಿಸಿದ ಒಂದು ಕೃತ್ರಿಮ ಪತ್ರವನ್ನು ನಂಬಿ ಗವಾನನ ತಲೆಯನ್ನು ತೆಗೆಸಿದವನು ಅವನು ಬಾಳೆಲ್ಲ ಸೇವಿಸಿದ ಸುಲ್ತಾನನೇ. ೧೬೫೭ರಲ್ಲಿ ಔರಂಗಜೇಬನು ಬೀದರವನ್ನೂ ಕಲ್ಯಾಣವನ್ನೂ ಮುತ್ತಿ ಕಿತ್ತುಕೊಂಡುದು ಬಿಜಾಪುರದ ಸುಲ್ತಾನನ ಕೈಯಿಂದ. ಗವಾನನ ಮದರಸೆಯ ಅರ್ಧಭಾಗವು ಬಿದ್ದುದು ಮೊಗಲರ ಆಳಿಕೆಯಲ್ಲಿ, ೧೭ನೆಯ ಶತಮಾನದ ಕೊನೆಯ ಹೊತ್ತಿಗೆ, ಮದ್ದಿನ ಸಿಡಿತದಿಂದ. ಕೆಡವಿದವರ ಪಟ್ಟಿಯನ್ನು ಬರೆಯಲು ಕುಳಿತವನು ಮಧ್ಯದಲ್ಲಿ ಲೇಖನಿಯನ್ನು ಕೆಳಗಿಟ್ಟರೆ ಮಾತ್ರ ತನ್ನ ಕುಲವನ್ನು ನಿರ್ದೋಷಿಯೆಂದು ತೋರಿಸಬಲ್ಲನು.

ಹೀಗಿರಲು, ಕೋಪವಿರುವವನು ಕೂಡ ಹೋಗಿ ನೋಡಬೇಕಾದುದು ಅವಶ್ಯ. ನೋಡದೆ ಮನೆಯಲ್ಲಿ ಕುಳಿತು ಬೆಳೆಸಿದ ಕೋಪಕ್ಕೆ ಆಧಾರವು ಪರರ ಬಾಯಿಯ ಮಾತಷ್ಟೆ.

ಅಷ್ಟೂರಿಗೆ ಹೋದವನಿಗೆ ಕಾಣುವುದೇನು? ೧೪೨೨ರಿಂದ ೧೪೩೬ರವರೆಗೆ ಆಳಿದ ಅಹಮದ ಶಹನು ಕಲಬುರಗಿಯಿಂದ ರಾಜಧಾನಿಯನ್ನು ಬೀದರಕ್ಕೆ ತಂದವನು. ಅವನ ಸಮಾಧಿಯ ಒಳಗೋಡೆಗಳೆಲ್ಲ ಸಿಂಧೂರದ ಕೆಂಪು, ಬಂಗಾರದ ಬಣ್ಣ, ಬಳ್ಳಿ ಹೂಗಳ ಚಿತ್ರ ಮತ್ತು ಸುಂದರವಾದ ಲಿಪಿಗಳಿಂದ ತುಂಬಿವೆ. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಅವು ಒಂದೊಂದಾಗಿ ಬೆಳಗುತ್ತವೆ. ಅದರ ಬಳಿಯಲ್ಲಿ ಅವನ ಮೊಮ್ಮಗನಾದ, ಕ್ರೂರಿಯೆಂದು ಹೆಸರಾದ ಹುಮಾಯೂನನ ಸಮಾಧಿಯ ಗುಮ್ಮಟವು ಬಿರಿದು, ಅರ್ಧ ಬಿದ್ದು, ಹಣ್ಣನ್ನು ಹೋಳುಮಾಡಿದಂತೆ ಒಳಗಿನ ಕಟ್ಟಡದ ಬಗೆಯನ್ನು ತೋರಿಸುತ್ತಿದೆ. ಆದರೆ ಇವೆಲ್ಲಕ್ಕಿಂತಲೂ ದೊಡ್ಡದಾದ ಸಂಗತಿ ಬೇರೆಯಿದೆ. ಈ ಸುಲ್ತಾನನನ್ನು ಮುಸಲ್ಮಾನರು ‘ವಲಿ’ಯೆಂದು ಪೂಜ್ಯಭಾವದಿಂದ ಕಾಣುವಂತೆ, ಸುತ್ತಣ ಹಳ್ಳಿಗಳ ಲಿಂಗವಂತರು ಅಲ್ಲಮಪ್ರಭುವಿನ ಅವತಾರವೆಂದು ನಂಬಿ ನಡೆದುಕೊಂಡು ಬಂದಿದ್ದಾರೆ. ಹೋಳಿಹುಣ್ಣಿಮೆ ಕಳೆದ ಮೇಲೆ, ಹಿಂದೂ ಪಂಚಾಂಗವನ್ನು ಅನುಸರಿಸಿ, ಇಲ್ಲಿ ಉರುಸು ಜಾತ್ರೆ ನಡೆಯುತ್ತದೆ. ಕಲಬುರಗಿ ಸೀಮೆಯಿಂದ ಪರಿವಾರದೊಡನೆ ಬಂದ ಜಂಗಮರು ಅದರಲ್ಲಿ ಮುಂದಾಳಾಗುತ್ತಾರೆ. ಈ ಪದ್ಧತಿಯು ಯಾವ ಸರಕಾರದ ಆಜ್ಞೆಯಿಂದಲೂ ಹುಟ್ಟಿದುದಲ್ಲ, ಯಾವ ಸಭೆಯ ನಿರ್ಣಯದಿಂದಲೂ ಬಂದುದಲ್ಲ. ಅಕ್ಷರ ಬಾರದ ಒಕ್ಕಲಿಗನು ತಲೆಮಾರುಗಳಿಂದ ‘ನಮ್ಮದು’ ಎಂದು ತಿಳಿದು ತೆಂಗಿನಕಾಯಿ ಸಕ್ಕರೆಗಳೊಡನೆ ಬರುತ್ತಿದ್ದ ಸ್ಥಳವನ್ನು, ಅಕ್ಷರ ಬಂದವನು ‘ಅವರದು’ ಎಂದು ಬಿಟ್ಟುಕೊಡುತ್ತಿದ್ದಾನೆ. ವಿದ್ಯೆಯಿಂದ ದೃಷ್ಟಿಯು ವಿಶಾಲವಾಗುವುದೆಂಬ ಮಾತಿಗೆ ಇದಕ್ಕಿಂತ ಕಹಿಯಾದ ಅಪವಾದವು ಬೇಕೆ?

ಇದೇ ಪಾಠವನ್ನು ಜಲಸಂಗ್ವಿಯು ಇನ್ನೊಂದು ಕಡೆಯಿಂದ ಹೇಳುತ್ತದೆ. ಅಲ್ಲಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಮದನಿಕೆಯು ಬೆನ್ನು ತಿರುವಿ ನಿಂತು ಕಲ್ಲಿನ ಮೇಲೆ ಅಕ್ಷರಗಳನ್ನು ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ವಿಕ್ರಮಾದಿತ್ಯನ ಕೀರ್ತಿಯನ್ನು. ಬೇಲೂರಿನ ಮದನಿಕೆಯರನ್ನು ನೋಡಲು ರಾತ್ರಿಯೆಲ್ಲ ಪ್ರಯಾಣಮಾಡುವ ಬೀದರದ ಕುಟುಂಬಗಳು, ಒಂದು ಗಂಟೆಯ ಹಾದಿಯಲ್ಲಿರುವ ಈ ಅಕ್ಷರಸ್ಥೆಯನ್ನು ಕಾಣದೆ ಮುದುಕರಾಗುತ್ತಾರೆ. ಕಲ್ಲಿನಲ್ಲಿ ಹೆಣ್ಣಿನ ಕೈಗೆ ಬರವಣಿಗೆಯನ್ನು ಕೊಟ್ಟ ಶಿಲ್ಪಿಯೂ, ಅಷ್ಟೂರಿನ ಗೋಡೆಯಲ್ಲಿ ಅಕ್ಷರವನ್ನೇ ಬಳ್ಳಿಯಾಗಿ ಹಬ್ಬಿಸಿದ ಚಿತ್ರಗಾರನೂ ಅಕ್ಷರವನ್ನು ಅಲಂಕಾರಕ್ಕಿಂತ ಹೆಚ್ಚಿನ ಗೌರವದಿಂದ ಕಂಡವರು. ಎರಡನ್ನೂ ನೋಡಿದವನಿಗೆ ಇದು ಹೊಳೆಯುತ್ತದೆ. ಒಂದನ್ನೇ ನೋಡಿದವನಿಗೆ ಹೊಳೆಯುವುದಿಲ್ಲ.

ಕೈಕಸಬಿನವರಲ್ಲಿ ಈ ಪಾಲುಗಾರಿಕೆಯು ಎಂದೂ ಬೇರುಬಿಡಲಿಲ್ಲ. ಕೋಟೆಯೊಳಗಿನ ರಂಗೀನ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳನ್ನು ನೋಡಿದರೆ ಗುಡಿಯ ಕಂಬದ ನೆನಪಾಗುತ್ತದೆ. ಅದೇ ಮನೆಯ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಸೊಗಸನ್ನು ನೋಡಿದರೆ ಇರಾನದ ನೆನಪಾಗುತ್ತದೆ. ಬಿದರಿಯ ಕೆಲಸವನ್ನು ನೋಡಲಿ: ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದು, ಬೆಳ್ಳಿಯ ತಂತಿಯನ್ನು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಭಾಗಗಳಲ್ಲಿ ಮಳೆ ಬಿಸಿಲು ಕಾಣದೆ ಉಳಿದ ಮಣ್ಣನ್ನು ನವಸಾಗರದೊಡನೆ ಕುದಿಸಿ ಆ ಪಾತ್ರೆಗೆ ಹಚ್ಚುತ್ತಾರೆ, ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಯು ಬೆಳ್ಳಗೇ ಉಳಿಯುತ್ತದೆ. ೨೦೦೬ರಲ್ಲಿ ಈ ಕಸಬಿಗೆ ಭೌಗೋಲಿಕ ಸೂಚಕದ ಮನ್ನಣೆಯು ದೊರೆಯಿತು. ೨೦೨೩ರಲ್ಲಿ ಬೀದರದ ಬಿದರಿ ಕುಶಲಿಗಳಾದ ಶಾ ರಶೀದ ಅಹಮದ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಬಿದರಿಯ ಹೂದಾನಿಯನ್ನು ಮನೆಯ ಪಡಸಾಲೆಯಲ್ಲಿ ಇಟ್ಟು, ಅದಕ್ಕೆ ಬಣ್ಣವನ್ನು ಕೊಟ್ಟ ಕೋಟೆಯನ್ನು ‘ಅವರದು’ ಎನ್ನುವುದು ಎಂಥ ವಿವೇಕ? ಇನ್ನು, ಕೋಟೆಯ ಕಲ್ಲನ್ನು ಹೊತ್ತವರು ಯಾರು? ೧೪೭೦ರ ಸುಮಾರಿಗೆ ರಷ್ಯಾದ ಟ್ವೇರದಿಂದ ಬೀದರಕ್ಕೆ ಬಂದಿದ್ದ ವರ್ತಕ ಅಫನಾಸಿ ನಿಕಿತಿನನು, ಇಲ್ಲಿಯ ಸರದಾರರ ಸಿರಿಯನ್ನೂ ಹಳ್ಳಿಗರ ದಾರಿದ್ರ್ಯವನ್ನೂ ಒಟ್ಟಿಗೆ ಕಂಡು ಬರೆದಿಟ್ಟಿದ್ದಾನೆ. ಆ ದರಿದ್ರರ ಬೆವರು ಗೋಡೆಯಲ್ಲಿದೆ. ಅವರ ಮಕ್ಕಳು ಮರಿಮಕ್ಕಳು ಈ ಸೀಮೆಯ ಎಲ್ಲ ಕೇರಿಗಳಲ್ಲಿಯೂ ಇದ್ದಾರೆ.

ಈ ಎಲ್ಲ ವಾದಗಳಿಗಿಂತಲೂ ಬಲವಾದ ಸಾಕ್ಷಿಯು ನೆಲದ ಕೆಳಗಿದೆ. ಬೀದರವು ನಿಂತಿರುವುದು ಕೆಂಪು ಮುರಕಲ್ಲಿನ ಎತ್ತರದ ನೆಲದ ಮೇಲೆ. ಮಳೆಯ ನೀರು ರಂಧ್ರಮಯವಾದ ಆ ಕಲ್ಲಿನಲ್ಲಿ ಇಳಿದು, ಅದರ ಕೆಳಗಿನ ಗಟ್ಟಿಯಾದ ಕರಿಕಲ್ಲನ್ನು ಮುಟ್ಟಿ, ಮುಂದೆ ಇಳಿಯಲಾರದೆ ಪಕ್ಕಕ್ಕೆ ಹರಿದು ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಝರಣಿ ನರಸಿಂಹನ ಗುಹೆಯನ್ನು ತುಂಬುವ ನೀರು ಇದೇ ಬಗೆಯದು. ಗುರು ನಾನಕರ ಪಾದಸ್ಪರ್ಶದಿಂದ ಹುಟ್ಟಿತೆಂದು ಸಿಖ್ಖರು ಪವಿತ್ರವೆಂದು ಸೇವಿಸುವ ನಾನಕ ಝರೆಯ ನೀರೂ ಇದೇ ಬಗೆಯದು. ಬಹಮನಿಗಳ ಕಾಲದಲ್ಲಿ ಇರಾನದ ವಿದ್ಯೆಯನ್ನು ತಂದು, ನೌಬಾದದ ಕಡೆ ನೆಲದೊಳಗೆ ಸುರಂಗವನ್ನು ಕೊರೆದು, ಗಾಳಿಗೂ ಬೆಳಕಿಗೂ ಸಾಲಾಗಿ ಬಾವಿಗಳನ್ನು ತೋಡಿ ಹರಿಯಿಸಿದ ‘ಕರೇಜ’ದ ನೀರೂ ಇದೇ ಬಗೆಯದು. ಮೇಲೆ ಮೂರು ಹೆಸರು. ಕೆಳಗೆ ಒಂದೇ ಕಲ್ಲು, ಒಂದೇ ಮಳೆ. ಒಂದರ ಭಕ್ತನು ಇನ್ನೊಂದರ ನೆಲವನ್ನು ಅಲಕ್ಷಿಸಿದರೆ ತನ್ನ ತೀರ್ಥಕ್ಕೇ ಕುತ್ತು ತಂದುಕೊಳ್ಳುತ್ತಾನೆ.

ಪಾಲು ಮಾಡಿಕೊಂಡುದರ ಫಲವು ಇಲ್ಲಿಯೇ ಸ್ಪಷ್ಟವಾಗಿ ಕಾಣುವುದು. ಝರಣಿಗೆ ಭಕ್ತರಿದ್ದರು, ನಾನಕ ಝರೆಗೆ ಭಕ್ತರಿದ್ದರು, ಅವು ಉಳಿದುವು. ಕರೇಜವು ಗುಡಿಯಲ್ಲ, ಮಸೀದಿಯಲ್ಲ, ಗುರುದ್ವಾರವಲ್ಲ. ಅದು ಯಾರ ಪಾಲಿಗೂ ಬರಲಿಲ್ಲ. ಆದುದರಿಂದ ಹಿಂದೂ ಮುಸಲ್ಮಾನರೆನ್ನದೆ ಊರಿಗೆಲ್ಲ ನೀರುಣಿಸಲು ಹುಟ್ಟಿದ ಆ ಕಾಮಗಾರಿಯು ಎಲ್ಲರ ಕಣ್ಣಿನಿಂದಲೂ ಮರೆಯಾಗಿ, ಹೂಳು ತುಂಬಿ, ಅದರ ಬಾವಿಗಳು ಕಸದ ಗುಂಡಿಗಳಾದುವು. ಈ ಶತಮಾನದ ಎರಡನೆಯ ದಶಕದಲ್ಲಿ ಅದರ ಕೆಲವು ಭಾಗಗಳ ಹೂಳನ್ನು ತೆಗೆಯುವ ಕೆಲಸವು ನಡೆಯಿತು. ಪಂಡಿತರೂ ಪ್ರವಾಸಿಗರೂ ಬಂದು ಬೆರಗಾದರು. ಆದರೆ ಊರು ನೌಬಾದ, ಕೊಳಾರಗಳ ದಿಕ್ಕಿಗೆ ಬೆಳೆಯುತ್ತಲೇ ಇದೆ. ಕೊಳಾರದ ಮಗ್ಗುಲಲ್ಲಿ ಕೈಗಾರಿಕೆಗಳ ಪ್ರದೇಶವಿದೆ. ಸುತ್ತಲೂ ನಿವೇಶನಗಳ ಕಲ್ಲು ನೆಡುತ್ತಿದ್ದಾರೆ. ಮಳೆಯು ಇಳಿಯಬೇಕಾದ ಮುರಕಲ್ಲಿನ ನೆಲಕ್ಕೆ ಕಾಂಕ್ರೀಟಿನ ಹೊದಿಕೆ ಬಿದ್ದರೆ, ಅದರ ಕೆಳಗಿನ ಒರತೆಗೆ ನೀರೆಲ್ಲಿಂದ ಬರಬೇಕು? ತನ್ನ ಮನೆಯ ಅಡಿಪಾಯದ ಕೆಳಗೆ ಏನು ಹರಿಯುತ್ತಿದೆಯೆಂಬುದನ್ನು ಅರಿಯದವನು ಅದನ್ನು ಕಾಪಾಡುವ ಬಗೆಯಾದರೂ ಹೇಗೆ?

‘ಇದಕ್ಕೆಲ್ಲ ಇಲಾಖೆಯಿದೆ, ಮನೆವಂದಿಗರು ಮಾಡುವುದೇನಿದೆ?’ ಎಂಬುದು ಎರಡನೆಯ ಆಕ್ಷೇಪ. ಇಲಾಖೆಗಳ ಉಪಕಾರವನ್ನು ಮರೆಯಲಾಗದು. ಹೈದರಾಬಾದು ಸಂಸ್ಥಾನವು ೧೯೧೪ರಲ್ಲಿ ಪುರಾತತ್ತ್ವ ಇಲಾಖೆಯನ್ನು ತೆರೆದು ಗುಲಾಮ ಯಜದಾನಿಯವರನ್ನು ಅದರ ನಿರ್ದೇಶಕರನ್ನಾಗಿ ನೇಮಿಸಿತು; ಬೀದರದ ಕಟ್ಟಡಗಳನ್ನು ಒಂದೊಂದಾಗಿ ಅಳೆದು ವರ್ಣಿಸಿದ ಅವರ ಗ್ರಂಥವು ೧೯೪೭ರಲ್ಲಿ ಪ್ರಕಟವಾಯಿತು. ಅಷ್ಟೂರಿನ ಜಾತ್ರೆಯಲ್ಲಿ ಜಂಗಮರ ಪಾತ್ರವನ್ನು ಆ ಗ್ರಂಥವು ಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ವಿದ್ವಾಂಸನ ಕಣ್ಣಿಗೆ ಪಾಲಿನ ಗೆರೆ ಇರಲಿಲ್ಲ. ೨೦೧೪ರಲ್ಲಿ ಕಲಬುರಗಿ, ಬೀದರ, ವಿಜಯಪುರ, ಹೈದರಾಬಾದುಗಳ ದಖ್ಖಣ ಸುಲ್ತಾನರ ಕಟ್ಟಡಗಳು ಯುನೆಸ್ಕೋ ಸಂಸ್ಥೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದುವು. ಆದರೆ ಇಲಾಖೆಯು ಬಾಗಿಲಿಗೆ ಬೀಗವನ್ನು ಹಾಕಬಲ್ಲುದು, ಕಾವಲುಗಾರನನ್ನು ನಿಲ್ಲಿಸಬಲ್ಲುದು. ಊರಿನ ಜನರು ಬೇಡವೆಂದು ಬಿಟ್ಟುದನ್ನು ಅದು ಬಹುಕಾಲ ಉಳಿಸಲಾರದು. ಅದರ ಪಟ್ಟಿಗೆ ಸೇರದೆ ಹೊಲಗಳ ನಡುವೆ ಬಿದ್ದಿರುವ ಶಾಸನದ ಕಲ್ಲುಗಳೂ ಹಳೆಯ ಬಾವಿಗಳೂ ಉಳಿಯಬೇಕಾದರೆ, ಅವುಗಳನ್ನು ಗುರುತಿಸಿ ಹೇಳಬಲ್ಲ ಕಣ್ಣುಗಳು ಮನೆಮನೆಯಲ್ಲಿರಬೇಕು.

ಆದುದರಿಂದ ಈ ಸೀಮೆಯ ವಿದ್ಯಾವಂತ ಗೃಹಸ್ಥರು ತಮ್ಮ ಯಾತ್ರೆಯ ಕ್ರಮವನ್ನು ಬದಲಿಸಲಿ. ಎರಡು ದಿನಗಳು ಸಾಕು. ಮೊದಲನೆಯ ದಿನ ಕಲ್ಯಾಣದ ಕೋಟೆ, ಅದರ ಸಮೀಪದ ನಾರಾಯಣಪುರದ ಶಿವಾಲಯ, ಜಲಸಂಗ್ವಿಯ ಗುಡಿ. ಎರಡನೆಯ ದಿನ ಬೀದರದ ಕೋಟೆ, ಗವಾನನ ಮದರಸೆ, ಅಷ್ಟೂರು, ಝರಣಿ, ನಾನಕ ಝರೆ, ಕೊನೆಗೆ ಬಿಸಿಲು ಇಳಿದ ಮೇಲೆ ನೌಬಾದದ ಕರೇಜ. ತಾಯಂದಿರು ಮಕ್ಕಳಿಗೆ ‘ಇದು ಯಾರದು?’ ಎಂಬ ಪ್ರಶ್ನೆಯನ್ನು ಕಲಿಸದೆ, ‘ಇದನ್ನು ಹೇಗೆ ಕಟ್ಟಿದರು? ಕಲ್ಲನ್ನು ಎಲ್ಲಿಂದ ತಂದರು? ನೀರು ಎಲ್ಲಿಂದ ಬಂದಿತು?’ ಎಂಬ ಪ್ರಶ್ನೆಗಳನ್ನು ಕಲಿಸಲಿ. ಉಪಾಧ್ಯಾಯರು ಶಾಲೆಯ ಪ್ರವಾಸವನ್ನು ಒಂದೇ ದೇವರ ಸನ್ನಿಧಿಯಲ್ಲಿ ಮುಗಿಸದಿರಲಿ. ಸಾಹಿತ್ಯ ಸಂಘಗಳು ಈ ಸ್ಥಳಗಳೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ ಕೈಪಿಡಿಯನ್ನು ತಿಳಿಗನ್ನಡದಲ್ಲಿಯೂ ಉರ್ದುವಿನಲ್ಲಿಯೂ ಹೊರಡಿಸಲಿ.

ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರ’ವನ್ನು ಆಧಾರವಾಗಿಟ್ಟುಕೊಂಡೇ ಇಂಗ್ಲಿಷರ ಕಾಲದ ನ್ಯಾಯಾಲಯಗಳು, ಬಂಗಾಲ ಮೊದಲಾದ ಕೆಲವು ಪ್ರಾಂತಗಳನ್ನು ಬಿಟ್ಟು, ಭರತಖಂಡದ ಹಿಂದೂ ಕುಟುಂಬಗಳ ಪಾಲಿನ ವ್ಯಾಜ್ಯಗಳನ್ನು ತೀರಿಸುತ್ತಿದ್ದುವು. ಪಾಲಿನ ಶಾಸ್ತ್ರವನ್ನು ಲೋಕಕ್ಕೆ ಹೇಳಿಕೊಟ್ಟ ಊರು ಕಲ್ಯಾಣ. ಆ ಶಾಸ್ತ್ರವೇ ಪಾಲಾಗದ ಸೊತ್ತುಗಳನ್ನೂ ಹೆಸರಿಸಿದೆ, ಅವುಗಳಲ್ಲಿ ಬಾವಿಯೊಂದು. ಬಾವಿಯನ್ನು ಒಡೆಯಬಾರದು, ಬೆಲೆಕಟ್ಟಿಯೂ ಹಂಚಬಾರದು, ಸರದಿಯ ಮೇಲೆ ಎಲ್ಲರೂ ಸೇದಿಕೊಳ್ಳಬೇಕೆಂಬುದು ವಿಜ್ಞಾನೇಶ್ವರನ ತೀರ್ಮಾನ. ಬೀದರ ಸೀಮೆಯ ಹಾಳೂರುಗಳ ವಿಷಯದಲ್ಲಿ ಇದಕ್ಕಿಂತ ಬೇರೆಯ ತೀರ್ಪು ಬೇಕಾಗಿಲ್ಲ. ಬಾವಿಯನ್ನು ಒಡೆದು ಹಂಚಿಕೊಳ್ಳಹೊರಟ ದಾಯಾದಿಗಳ ಕೈಗೆ ಕಲ್ಲು ಬಂದೀತು, ನೀರು ಬಾರದು.